ಸೈನಿಕ ಸಮವಸ್ತ್ರದ ಹಳೆಯ ಗುಂಡಿಗಳು: ಗುರುತೂ ಪ್ರಮಾಣವೂ

ಕನ್ನಡ ನಾಡಿನ ಚರಿತ್ರೆಯನ್ನು ಓದಿದವರಿಗೆ ‘ಕೂಟಶಾಸನ’ ಎಂಬ ಮಾತು ಹೊಸದಲ್ಲ. ಮುಂಬಯಿ ಸಿವಿಲ್ ಸರ್ವಿಸಿನಲ್ಲಿದ್ದು ಕನ್ನಡ ಜಿಲ್ಲೆಗಳ ಅರಸುಮನೆತನಗಳ ಚರಿತ್ರೆಯನ್ನು ಬರೆದ ಫ್ಲೀಟ್ ಮಹಾಶಯರು ಗಂಗರ ತಾಮ್ರಪಟಗಳಲ್ಲಿ ಹಲವನ್ನು ಕೂಟವೆಂದು ತಳ್ಳಿಹಾಕಿದರು; ಮೈಸೂರಿನ ಪ್ರಾಚ್ಯ ಸಂಶೋಧನೆಗೆ ಬುನಾದಿ ಹಾಕಿದ ರೈಸ್ ಮಹಾಶಯರು ಅವುಗಳ ಪರವಾಗಿ ವಾದಿಸಿದರು. ಆ ವಿವಾದದಲ್ಲಿ ಯಾರ ಪಕ್ಷ ಎಷ್ಟರಮಟ್ಟಿಗೆ ಸರಿ ಎಂಬುದು ಇಲ್ಲಿಯ ವಿಷಯವಲ್ಲ. ಆದರೆ ಅದು ನಡೆದ ಕ್ರಮ ಸ್ಮರಣೀಯವಾದದ್ದು. ಪಟವು ಹೇಳಿಕೊಳ್ಳುವ ಕಾಲಕ್ಕೂ ಅದರ ಲಿಪಿಗೂ ಹೊಂದಿಕೆಯುಂಟೇ? ತಿಥಿವಾರಗಳು ಕೂಡಿಬರುತ್ತವೆಯೇ? ಪಟ ದೊರೆತದ್ದು ಎಲ್ಲಿ, ಯಾರ ಕೈಯಿಂದ? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಎಷ್ಟೇ ಸೊಗಸಾದ ಪಟವನ್ನೂ ಪ್ರಮಾಣವೆಂದು ಸ್ವೀಕರಿಸಬಾರದೆಂಬ ಶಿಸ್ತನ್ನು ಆ ವಿವಾದ ನಮ್ಮ ವಿದ್ವಾಂಸರಿಗೆ ಕಲಿಸಿತು.

ಅದೇ ಶಿಸ್ತನ್ನು ಒಂದು ಅಂಗುಲಕ್ಕಿಂತ ಹೆಚ್ಚಿಲ್ಲದ ಹಿತ್ತಾಳೆಯ ಬಿಲ್ಲೆಗೆ ಅನ್ವಯಿಸುವುದು ಪ್ರಕೃತ ಲೇಖನದ ಉದ್ದೇಶ. ಸೈನಿಕರ ಅಂಗಿಯ ಗುಂಡಿಯೂ ಒಂದು ಕಿರುಶಾಸನವೇ. ಅದರಲ್ಲಿ ಲಾಂಛನವುಂಟು, ಅಂಕೆಯುಂಟು, ಕೆಲವೊಮ್ಮೆ ಹೆಸರೂ ಧ್ಯೇಯವಾಕ್ಯವೂ ಉಂಟು. ಬೆನ್ನ ಮೇಲೆ ಮಾಡಿದವನ ಮುದ್ರೆಯುಂಟು. ಶಾಸನಗಳಂತೆ ಇದರಲ್ಲಿಯೂ ಕೂಟಗಳುಂಟು.

ಈ ವಿಷಯಕ್ಕೆ ನನ್ನನ್ನು ಎಳೆದದ್ದು ವಿದ್ವತ್ತಿನ ಕುತೂಹಲವಲ್ಲ. ಮುಲುಂಡದಲ್ಲಿ ನೆಲಸಿರುವ ವೃದ್ಧಮಿತ್ರರೊಬ್ಬರ ಅಜ್ಜ ಮೈಸೂರು ಸಂಸ್ಥಾನದ ಅಶ್ವದಳದಲ್ಲಿ ಸವಾರರಾಗಿದ್ದವರು. ಮೊದಲನೆಯ ಮಹಾಯುದ್ಧದಲ್ಲಿ ಪ್ಯಾಲೆಸ್ತೀನಿನವರೆಗೆ ಹೋಗಿಬಂದವರೆಂದು ಮನೆಯಲ್ಲಿ ಹೇಳಿಕೆ. ಊರಿನ ಮನೆ ಪಾಲಾದಾಗ ಅವರ ಪೆಟ್ಟಿಗೆ ಯಾರ ಪಾಲಿಗೂ ಬಾರದೆ ಕಳೆದುಹೋಯಿತು. ಉಳಿದಿರುವುದು ಮಾಸಿದ ಒಂದು ಭಾವಚಿತ್ರ ಮಾತ್ರ. ಒಂದು ಶುಕ್ರವಾರ ಈ ಮಿತ್ರರು ಚೋರಬಜಾರದಲ್ಲಿ ಗಂಡಭೇರುಂಡವಿರುವ ಕೆಲವು ಗುಂಡಿಗಳನ್ನು ಕಂಡರು. ‘ಮೈಸೂರು ಲ್ಯಾನ್ಸರ್ಸ್, ಹೈಫಾ, ೧೯೧೮’ ಎಂಬ ಚೀಟಿ ಅವುಗಳ ಜೊತೆಗಿತ್ತು. ಅಂಗಡಿಯವನು ಹೇಳಿದ ಬೆಲೆ ಅವರ ಒಂದು ತಿಂಗಳ ಪಿಂಚಣಿಯನ್ನು ಮೀರುವಂಥದು. ಅವರು ನನ್ನನ್ನು ಕರೆದು, “ನೀವೊಮ್ಮೆ ನೋಡಿ. ಸುಳ್ಳಾದರೆ ಸುಳ್ಳೆಂದೇ ಹೇಳಿ, ನನ್ನ ಸಮಾಧಾನಕ್ಕಾಗಿ ಏನನ್ನೂ ಹೇಳಬೇಡಿ” ಎಂದರು. ಮುಂದಿನ ಶುಕ್ರವಾರ ಇಬ್ಬರೂ ಕೂಡಿ ಹೋದೆವು. ಅಲ್ಲಿ ಕಂಡದ್ದನ್ನು ಹೇಳುವ ಮೊದಲು ಕಾಣುವ ಬಗೆಯನ್ನು ವಿವರಿಸುವುದು ಉಚಿತ.

೧. ಗುಂಡಿಯ ಅಂಗಗಳು

ಗುಂಡಿಗೆ ಮೂರು ಅಂಗಗಳು: ಮುಖ, ಬೆನ್ನು, ಬೆನ್ನಿನ ಕೊಂಡಿ. ಸಂಗ್ರಾಹಕರಲ್ಲಿ ಹೆಚ್ಚಿನವರು ಮುಖವನ್ನು ನೋಡಿ ಮರುಳಾಗುತ್ತಾರೆ. ಪರೀಕ್ಷಕನಾದವನು ಮೊದಲು ಬೆನ್ನನ್ನೂ ಕೊಂಡಿಯನ್ನೂ ನೋಡಬೇಕು. ಏಕೆಂದರೆ ಮೋಸಗಾರನು ತನ್ನ ಶ್ರಮವನ್ನೆಲ್ಲ ಮುಖಕ್ಕೆ ವೆಚ್ಚಮಾಡಿರುತ್ತಾನೆ.

ಗುಂಡಿಗಳನ್ನು ಅಳೆಯುವುದಕ್ಕೆ ದರ್ಜಿಗಳಲ್ಲಿ ‘ಲೈನ್’ ಎಂಬ ಮಾನವಿದೆ. ೪೦ ಲೈನುಗಳಿಗೆ ಒಂದು ಅಂಗುಲ, ಎಂದರೆ ೨೫.೪ ಮಿಲಿಮೀಟರು. ಮುಂಬಯಿಯ ಸಿದ್ಧ ಉಡುಪಿನ ವ್ಯಾಪಾರದಲ್ಲಿ ಈ ಮಾನ ಇಂದಿಗೂ ಬಳಕೆಯಲ್ಲಿದೆ. ಎದೆಯ ಮೇಲಿನ ದೊಡ್ಡ ಗುಂಡಿ ಸಾಮಾನ್ಯವಾಗಿ ೪೦ ಲೈನಿನ ಆಸುಪಾಸಿನದು. ಜೇಬು, ತೋಳು, ಭುಜಪಟ್ಟಿಗಳ ಗುಂಡಿಗಳು ಅದಕ್ಕಿಂತ ಚಿಕ್ಕವು. ಅಳತೆಯನ್ನು ಬರೆದಿಡದ ಸಂಗ್ರಹ ಅರ್ಧ ಸಂಗ್ರಹ. ಇದರ ಕಾರಣ ಮುಂದೆ ತಿಳಿಯುತ್ತದೆ.

ತಯಾರಿಕೆಯಲ್ಲಿ ಮುಖ್ಯವಾಗಿ ಎರಡು ಬಗೆ. ಕರಗಿಸಿದ ಲೋಹವನ್ನು ಅಚ್ಚಿನಲ್ಲಿ ಸುರಿದು ಮಾಡಿದ್ದು ಎರಕದ ಗುಂಡಿ. ಹದಿನೆಂಟನೆಯ ಶತಮಾನದ ಸಾಮಾನ್ಯ ಸಿಪಾಯಿಗಳ ತವರ ಬೆರೆತ ಲೋಹದ ಗುಂಡಿಗಳು ಈ ಬಗೆಯವು. ತೆಳುತಗಡನ್ನು ಉಕ್ಕಿನ ಅಚ್ಚಿನ ಮೇಲಿಟ್ಟು ಬಲವಾಗಿ ಒತ್ತಿ ಮಾಡಿದ್ದು ಒತ್ತುಗುಂಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳು ಮುಖದ ತಗಡನ್ನೂ ಬೆನ್ನಿನ ತಗಡನ್ನೂ ಬೇರೆಬೇರೆಯಾಗಿ ಒತ್ತಿ ಅಂಚಿನಲ್ಲಿ ಮಡಿಚಿ ಸೇರಿಸತೊಡಗಿದವು. ಹೀಗೆ ಒಳಗೆ ಟೊಳ್ಳಾಗಿ ಹೊರಗೆ ಉಬ್ಬಿದ ಗುಂಡಿ ಬಂದಿತು. ಗಿಲೀಟಿನಲ್ಲಿಯೂ ಕಾಲಭೇದವಿದೆ. ಪಾದರಸದಲ್ಲಿ ಚಿನ್ನವನ್ನು ಕಲಸಿ ಬಳಿದು ಕಾಯಿಸುವುದು ಹಳೆಯ ಪದ್ಧತಿ. ವಿದ್ಯುತ್ತಿನಿಂದ ಚಿನ್ನ ಲೇಪಿಸುವ ವಿಧಾನಕ್ಕೆ ಇಂಗ್ಲೆಂಡಿನ ಎಲ್ಕಿಂಗ್‌ಟನ್ನರು ಹಕ್ಕುಪತ್ರ ಪಡೆದದ್ದು ೧೮೪೦ರಲ್ಲಿ. ಎರಡನೆಯ ಮಹಾಯುದ್ಧದ ಬಳಿಕ, ೧೯೫೦ರ ದಶಕದಿಂದ, ಬ್ರಿಟಿಷ್ ಸೇನೆಯಲ್ಲಿ ಉಜ್ಜುವ ಅಗತ್ಯವಿಲ್ಲದ, ಹೊಂಬಣ್ಣ ಹಿಡಿಸಿದ ಅಲ್ಯೂಮಿನಿಯಮ್ ಗುಂಡಿಗಳು ಬಳಕೆಗೆ ಬಂದವು. ಇವು ಹಿತ್ತಾಳೆಯವಕ್ಕಿಂತ ಬಹಳ ಹಗುರ. ಕೈಯಲ್ಲಿ ತೂಗಿದೊಡನೆಯೇ ಭೇದ ತಿಳಿಯುತ್ತದೆ.

೨. ಮುಖದ ಸಾಕ್ಷ್ಯ

ಬ್ರಿಟಿಷ್ ಪದಾತಿದಳಗಳ ಗುಂಡಿಗಳ ಮೇಲೆ ದಳದ ಅಂಕೆಯಿರಬೇಕೆಂಬ ಆಜ್ಞೆ ಹೊರಟದ್ದು ೧೭೬೭ರಲ್ಲಿ. ಸಾಮಾನ್ಯ ಸೈನಿಕರ ಗುಂಡಿ ೧೮೫೫ರವರೆಗೆ ತವರ ಬೆರೆತ ಲೋಹದ್ದು, ಆಮೇಲೆ ಹಿತ್ತಾಳೆಯದು. ೧೮೭೧ರಲ್ಲಿ ಅವರಿಗೆಲ್ಲ ರಾಜಲಾಂಛನದ ಒಂದೇ ಮಾದರಿಯ ಗುಂಡಿಯನ್ನು ವಿಧಿಸಲಾಯಿತು. ಆದುದರಿಂದ ಬ್ರಿಟಿಷ್ ದಳದ ಅಂಕೆಯಿರುವ, ಸಾಮಾನ್ಯ ಸೈನಿಕನ ಹಿತ್ತಾಳೆಯ ಗುಂಡಿಯು ೧೮೫೫ರಿಂದ ೧೮೭೧ರವರೆಗಿನ ಹದಿನಾರು ವರ್ಷಗಳ ಒಳಗಿನದಾಗಿರಬೇಕು. ಅಧಿಕಾರಿಗಳ ಗುಂಡಿಗಳಿಗೆ ಈ ಮಿತಿ ಇಲ್ಲ. ಮೂರು ವರ್ಷಗಳನ್ನು ನೆನಪಿನಲ್ಲಿಟ್ಟುಕೊಂಡರೆ ಎಷ್ಟು ಕೆಲಸವಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಭಾರತದ ಪಡೆಗಳ ವಿಷಯದಲ್ಲಿ ವರ್ಷಗಳು ಬೇರೆ. ಕಿರೀಟವನ್ನು ಹಿಡಿದು ನಿಂತ ಸಿಂಹ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ. ಕಂಪನಿಯ ಆಳ್ವಿಕೆ ೧೮೫೮ರಲ್ಲಿ ಕೊನೆಗೊಂಡಿತು. ದಳಗಳ ಹೆಸರಿನಿಂದ ‘ನೇಟಿವ್’ ಎಂಬ ಶಬ್ದವನ್ನು ತೆಗೆದದ್ದು ೧೮೮೫ರಲ್ಲಿ. ಮುಂಬಯಿ, ಮದರಾಸು, ಬಂಗಾಳ ಪ್ರಾಂತಗಳ ಪ್ರತ್ಯೇಕ ಸೇನೆಗಳು ರದ್ದಾದದ್ದು ೧೮೯೫ರಲ್ಲಿ. ೧೯೦೩ರಲ್ಲಿ ಕಿಚನರ್ ಸೇನಾಪತಿಯು ಎಲ್ಲ ದಳಗಳಿಗೂ ಒಂದೇ ಸಾಲಿನ ಹೊಸ ಅಂಕೆಗಳನ್ನು ಕೊಟ್ಟಾಗ ಮುಂಬಯಿಯ ಪದಾತಿದಳಗಳ ಹಳೆಯ ಅಂಕೆಗೆ ನೂರು ಕೂಡಿಸಲಾಯಿತು. ೧೭೬೮ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಪಡೆಯಿಂದ ಬೆಳೆದುಬಂದು ೩ನೆಯ ದಳವೆನಿಸಿದ್ದುದು ೧೦೩ನೆಯ ಮಹ್ರಟ್ಟಾ ಲೈಟ್ ಇನ್‌ಫ್ಯಾಂಟ್ರಿಯಾಯಿತು. ಹಾಗೆಯೇ ೧೦೫, ೧೧೦, ೧೧೪, ೧೧೬, ೧೧೭. ೧೯೨೨ರಲ್ಲಿ ಈ ಆರನ್ನೂ ಕೂಡಿಸಿ ೫ನೆಯ ಮಹ್ರಟ್ಟಾ ಲೈಟ್ ಇನ್‌ಫ್ಯಾಂಟ್ರಿ ಎಂಬ ರೆಜಿಮೆಂಟನ್ನು ರಚಿಸಿದರು. ಅದರ ತರಬೇತಿನ ಕೇಂದ್ರ ಅಂದಿನಿಂದ ಇಂದಿನವರೆಗೆ ನಮ್ಮ ಬೆಳಗಾವಿಯಲ್ಲಿದೆ. ಆದುದರಿಂದ ‘೧೦೩’ ಎಂಬ ಅಂಕೆಯೂ ಮರಾಠಾ ಎಂಬ ಹೆಸರೂ ಕೂಡಿರುವ ಗುಂಡಿಯ ಮಾದರಿಗೆ ಹತ್ತೊಂಬತ್ತೇ ವರ್ಷಗಳ ಆಯುಸ್ಸು. ಆ ಅಲ್ಪಾವಧಿಯಲ್ಲಿಯೇ ಈ ದಳ ೧೧೦ ಮತ್ತು ೧೧೭ನೆಯ ದಳಗಳೊಡನೆ ಮೆಸೊಪೊಟೇಮಿಯದ ಕೂಟ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕಿ, ೧೯೧೬ರ ಏಪ್ರಿಲ್ ೨೯ರಂದು ತುರ್ಕರ ಸೆರೆಯಾಯಿತು. ಅಂಥ ಗುಂಡಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಸಹಜ. ಕೂಟಗಳು ಹುಟ್ಟುವುದೂ ಅಷ್ಟೇ ಸಹಜ.

ಆದರೆ ಅಂಕೆಯೊಂದನ್ನೇ ನಂಬಿದರೆ ಬೇರೊಂದು ಬಗೆಯಲ್ಲಿ ಮೋಸಹೋಗುತ್ತೇವೆ. ಕಂಪನಿಯ ಐರೋಪ್ಯ ಸೈನಿಕರ ಮುಂಬಯಿ ದಳವು ೧೮೬೨ರಲ್ಲಿ ಬ್ರಿಟಿಷ್ ಸೇನೆಗೆ ಸೇರಿ ‘೧೦೩ನೆಯ ರಾಯಲ್ ಬಾಂಬೆ ಫ್ಯುಸಿಲಿಯರ್ಸ್’ ಎನಿಸಿತು. ೧೮೮೧ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಎಂಬ ಐರಿಷ್ ದಳದಲ್ಲಿ ವಿಲೀನವಾಯಿತು. ಹೀಗೆ ಒಂದೇ ನಗರದ ಹೆಸರಿಗೆ ಅಂಟಿದ, ಒಂದೇ ಅಂಕೆಯ ಎರಡು ದಳಗಳು. ಒಂದು ಬಿಳಿಯರದು, ೧೮೬೨–೧೮೮೧; ಇನ್ನೊಂದು ಈ ದೇಶದವರದು, ೧೯೦೩–೧೯೨೨. ಅಂಕೆಯ ಸುತ್ತಲಿನ ಅಕ್ಷರಗಳನ್ನೂ ಚಿಹ್ನೆಗಳನ್ನೂ ಓದದೆ ಬರಿಯ ‘೧೦೩’ನ್ನು ಕಂಡು ನಿರ್ಣಯ ಮಾಡುವುದು, ಬಿರುದನ್ನು ಓದದೆ ಬರಿಯ ‘ವಿಕ್ರಮಾದಿತ್ಯ’ನೆಂಬ ಹೆಸರನ್ನು ಕಂಡು ಶಾಸನದ ಕಾಲ ಹೇಳಿದಂತೆ.

‘ಮೈಸೂರು’, ‘ಸೆರಿಂಗಪಟಂ’ ಎಂಬ ಹೆಸರುಗಳು ನಮ್ಮವರನ್ನು ಇನ್ನೂ ಸುಲಭವಾಗಿ ಮರುಳುಗೊಳಿಸುತ್ತವೆ. ಬ್ರಿಟಿಷ್ ದಳಗಳ ಲಾಂಛನಗಳಲ್ಲಿಯೂ ಬಾವುಟಗಳಲ್ಲಿಯೂ ಇವು ಕಾಣಿಸಿದರೆ ಆ ದಳ ಮೈಸೂರಿನದೆಂದು ಅರ್ಥವಲ್ಲ. ಮೈಸೂರಿನ ವಿರುದ್ಧ ಕಾದಿದ್ದೆಂದು ಅರ್ಥ. ಇವು ಟೀಪುವಿನೊಡನೆ ನಡೆದ ಯುದ್ಧಗಳಿಗಾಗಿ ಕೊಟ್ಟ ಗೌರವಗಳು. ನಮ್ಮ ಊರಿನ ಹೆಸರೆಂಬ ಮೋಹದಿಂದ ಕೊಂಡವರು ತಮ್ಮ ಹಿರಿಯರ ಎದುರಾಳಿಯ ಚಿಹ್ನೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡಿರಬಹುದು.

ಕಿರೀಟದ ಆಕಾರವು ಇನ್ನೊಂದು ಸೂಚನೆ. ೧೯೦೧ರಿಂದ ೧೯೫೨ರವರೆಗಿನ ದೊರೆಗಳ ಕಾಲದ ಕಿರೀಟಕ್ಕೆ ದುಂಡನೆಯ ಕಮಾನುಗಳು. ಎಲಿಜಬೆತ್ ರಾಣಿಯ ಕಾಲದ ಕಿರೀಟದಲ್ಲಿ ಕಮಾನು ನಡುವೆ ತಗ್ಗಿದೆ. ಭಾರತದ ಸೇನೆಯಲ್ಲಿ ಕಿರೀಟ ಹೋಗಿ ಅಶೋಕಸ್ತಂಭದ ಸಿಂಹಗಳು ಬಂದದ್ದು ೧೯೫೦ರ ಜನವರಿ ೨೬ರಂದು ಗಣರಾಜ್ಯವಾದಾಗ. ಆದುದರಿಂದ ತಗ್ಗಿದ ಕಮಾನಿನ ರಾಣಿಯ ಕಿರೀಟವೂ ಭಾರತೀಯ ದಳದ ಹೆಸರೂ ಒಂದೇ ಗುಂಡಿಯಲ್ಲಿದ್ದರೆ, ತಿಥಿವಾರ ಕೂಡದ ತಾಮ್ರಪಟದಂತೆ ಅದನ್ನು ಒಡನೆಯೇ ಬದಿಗಿಡಬಹುದು. ಆದರೆ ದುಂಡುಕಮಾನಿನ ಕಿರೀಟವಿದ್ದ ಮಾತ್ರಕ್ಕೆ ಹಳೆಯದೆಂದೂ ಹೇಳಲಾಗದು. ೨೦೨೨ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಚಾರ್ಲ್ಸ್ ದೊರೆ ಅದೇ ಬಗೆಯ ಕಿರೀಟವನ್ನು ತಮ್ಮ ಮುದ್ರೆಗೆ ಮರಳಿ ಆರಿಸಿಕೊಂಡಿದ್ದಾರೆ.

ಮುಂಬಯಿ ಬಂದರುನಗರವಾದುದರಿಂದ ಇಲ್ಲಿ ನೌಕಾಪಡೆಯ ಗುಂಡಿಗಳೂ ದೊರೆಯುತ್ತವೆ. ಅವುಗಳಿಗೆ ಹೆಸರೇ ಪಂಚಾಂಗ: ೧೮೩೦ರವರೆಗೆ ಬಾಂಬೆ ಮರೀನ್, ೧೮೩೦ರಿಂದ ೧೮೬೩ರವರೆಗೆ ಇಂಡಿಯನ್ ನೇವಿ, ಮತ್ತೆ ೧೮೭೭ರವರೆಗೆ ಬಾಂಬೆ ಮರೀನ್, ೧೮೯೨ರಿಂದ ರಾಯಲ್ ಇಂಡಿಯನ್ ಮರೀನ್, ೧೯೩೪ರಿಂದ ರಾಯಲ್ ಇಂಡಿಯನ್ ನೇವಿ, ೧೯೫೦ರಿಂದ ಭಾರತೀಯ ನೌಕಾಪಡೆ. ‘ಇಂಡಿಯನ್ ನೇವಿ’ ಎಂಬ ಹೆಸರು ಎಂಬತ್ತೇಳು ವರ್ಷಗಳ ಅಂತರದಲ್ಲಿ ಎರಡು ಸಲ ಬಂದಿರುವುದನ್ನು ಗಮನಿಸಬೇಕು.

೩. ಬೆನ್ನಿನ ಸಾಕ್ಷ್ಯ

ಬೆನ್ನಿನ ಮೇಲೆ ಸಾಮಾನ್ಯವಾಗಿ ತಯಾರಕರ ಹೆಸರೂ ಊರೂ ಇರುತ್ತವೆ. ಹದಿನೇಳನೆಯ ಶತಮಾನದಿಂದ ನಡೆದುಬಂದ ಲಂಡನ್ನಿನ ಫರ್ಮಿನ್, ಬರ್ಮಿಂಗ್‌ಹ್ಯಾಮಿನ ಗಾಂಟ್ ಮುಂತಾದ ಹೆಸರುಗಳು ಭಾರತದ ಗುಂಡಿಗಳ ಮೇಲೆ ಪದೇಪದೇ ಕಾಣುತ್ತವೆ. ಕೆಲವೊಮ್ಮೆ ತಯಾರಕರ ಬದಲು, ಸಮವಸ್ತ್ರ ಹೊಲಿದುಕೊಟ್ಟ ಇಲ್ಲಿಯ ದರ್ಜಿ ಅಂಗಡಿಯ ಹೆಸರಿರುತ್ತದೆ. ಹೆಸರಿನ ರೂಪದಲ್ಲಿಯೂ ಕಾಲದ ಸೂಚನೆಯುಂಟು. ಷೇರುದಾರರ ಹೊಣೆಗೆ ಮಿತಿಯಿಡುವ ಕಾನೂನು ಇಂಗ್ಲೆಂಡಿನಲ್ಲಿ ಆದದ್ದು ೧೮೫೫ರಲ್ಲಿ. ಆದುದರಿಂದ ಇಂಗ್ಲಿಷ್ ಕಂಪನಿಯ ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂಬುದರ ಹ್ರಸ್ವರೂಪವಿದ್ದರೆ ಆ ಗುಂಡಿ ಅದಕ್ಕಿಂತ ಹಿಂದಿನದಾಗಲಾರದು. ಇಂಥ ಗುಂಡಿಯನ್ನು ‘ಕಂಪನಿ ಸರಕಾರದ ಆರಂಭಕಾಲದ್ದು’ ಎಂದು ಮಾರುವುದನ್ನು ನಾನು ಕಂಡಿದ್ದೇನೆ. ಮಾರುವವನಿಗೂ ಕೊಳ್ಳುವವನಿಗೂ ಬೆನ್ನನ್ನು ತಿರುಗಿಸಿ ನೋಡುವಷ್ಟು ತಾಳ್ಮೆ ಇರಲಿಲ್ಲ.

ಆದರೂ ಬೆನ್ನಿನ ಮುದ್ರೆ ಪೂರ್ಣಪ್ರಮಾಣವಲ್ಲ. ಹಳೆಯ ಅಚ್ಚು ಉಳಿದಿದ್ದರೆ ಅದರಿಂದ ಹೊಸ ಗುಂಡಿಯನ್ನು ಒತ್ತಬಹುದು. ಅಂಥದ್ದು ಎರಕದ ಕೂಟವಲ್ಲ. ನಿಜವಾದ ಅಚ್ಚಿನ, ಆದರೆ ಯಾವ ಸೈನಿಕನೂ ತೊಡದ ಗುಂಡಿ. ಇದನ್ನು ಗುರುತಿಸಲು ಉಳಿಯುವ ಸಾಧನ ಸವೆತ ಒಂದೇ.

ಸವೆತದ ತರ್ಕ ಸರಳವಾದದ್ದು. ಸಿಪಾಯಿಯು ಪ್ರತಿದಿನ ಗುಂಡಿಯ ಮುಖವನ್ನು ಉಜ್ಜಿ ಹೊಳಪಿಸಬೇಕಾಗಿತ್ತು. ಬಟ್ಟೆಗೆ ಕಲೆಯಾಗದಿರಲೆಂದು ಗುಂಡಿಯ ಹಿಂದೆ ಸೀಳಿರುವ ಒಂದು ಪಟ್ಟಿಯನ್ನು ತೂರಿಸಿ ಉಜ್ಜುತ್ತಿದ್ದರು. ಆದುದರಿಂದ ನಿಜವಾಗಿ ತೊಟ್ಟ ಗುಂಡಿಯಲ್ಲಿ ಮುಖದ ಉಬ್ಬುಗಳು ಸವೆದಿರುತ್ತವೆ. ತಗ್ಗುಗಳಲ್ಲಿ ಪಾಲಿಷಿನ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಬೆನ್ನಿನ ಅಕ್ಷರಗಳು ಮಾತ್ರ ಚೂಪಾಗಿ ಉಳಿದಿರುತ್ತವೆ. ಕೊಂಡಿಯಲ್ಲಿ ದಾರವೋ ಬಳೆಯೋ ಎಳೆದ ಕಡೆ ಒಳಮೈ ನಯವಾಗಿ ತೆಳುವಾಗಿರುತ್ತದೆ. ಮುಖವೂ ಬೆನ್ನೂ ಒಂದೇ ಪ್ರಮಾಣದಲ್ಲಿ ಸವೆದಿದ್ದರೆ ಅದು ಸೇವೆಯಿಂದಾದ ಸವೆತವಲ್ಲ. ಮರಳಿನೊಡನೆ ಡಬ್ಬಿಯಲ್ಲಿಟ್ಟು ಕುಲುಕಿದ್ದರಿಂದಾದ ಸವೆತವಿರಬಹುದು.

೪. ಕೂಟಗುಂಡಿಯ ಲಕ್ಷಣಗಳು

ನಿಜವಾದ ಗುಂಡಿಯನ್ನೇ ಮಾದರಿಯಾಗಿಟ್ಟು ಎರಕ ಹೊಯ್ದರೆ ನಕಲಿಗೆ ಮೂರು ದೋಷಗಳು ಅಂಟುತ್ತವೆ. ಮೊದಲನೆಯದು ಗಾತ್ರ. ಹಿತ್ತಾಳೆ ಆರಿದಾಗ ನೂರರಲ್ಲಿ ಒಂದೂವರೆ ಎರಡು ಭಾಗದಷ್ಟು ಕುಗ್ಗುತ್ತದೆ. ೪೦ ಲೈನಿನ ಗುಂಡಿಯಲ್ಲಿ ಇದು ಅರ್ಧ ಮಿಲಿಮೀಟರಿಗೆ ಸಮೀಪವಾಗುತ್ತದೆ. ನಕಲಿನಿಂದ ನಕಲು ತೆಗೆದರೆ ಇಮ್ಮಡಿಯಾಗುತ್ತದೆ. ಅಳತೆ ಬರೆದಿಡಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ. ಎರಡನೆಯದು ಗೆರೆಗಳ ಮಂಕು. ಅಚ್ಚಿನಲ್ಲಿ ಒತ್ತಿದ ಅಕ್ಷರದ ಅಂಚು ಭೂತಗನ್ನಡಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ; ಎರಕದ್ದು ಕರಗಿದ ಬೆಲ್ಲದ ಅಂಚಿನಂತೆ ದುಂಡಾಗಿರುತ್ತದೆ, ಬಯಲಿನಲ್ಲಿ ಸೂಜಿಮೊನೆಯಂಥ ಕುಳಿಗಳಿರುತ್ತವೆ. ಮೂರನೆಯದು ಅಂಚು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಉಳಿದ ಏಣನ್ನು ಅರದಿಂದ ಉಜ್ಜಿದ ಗುರುತು ಸುತ್ತಲೂ ಇರುತ್ತದೆ. ಎರಡು ತಗಡಿನ ಟೊಳ್ಳುಗುಂಡಿಯಾಗಿರಬೇಕಾದದ್ದು ಒಂದೇ ಗಟ್ಟಿ ತುಂಡಾಗಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಕಿಲುಬಿನ ವಿಷಯದಲ್ಲಿಯೂ ಎಚ್ಚರ ಬೇಕು. ಮುಂಬಯಿಯ ಉಪ್ಪುಗಾಳಿಯಲ್ಲಿಯೂ ಮಳೆಗಾಲದ ತೇವದಲ್ಲಿಯೂ ಹಿತ್ತಾಳೆಗೆ ಕಿಲುಬು ಬೇಗ ಹಿಡಿಯುತ್ತದೆ. ಆದುದರಿಂದ ಇಲ್ಲಿ ಹಸಿರುಬಣ್ಣವು ವಯಸ್ಸಿಗೆ ಸಾಕ್ಷಿಯಲ್ಲ. ಆದರೂ ತಾನಾಗಿ ಹಿಡಿದ ಕಿಲುಬು ತಗ್ಗುಗಳಲ್ಲಿಯೂ ಕೊಂಡಿಯ ಬುಡದಲ್ಲಿಯೂ ಹೆಚ್ಚು, ಉಬ್ಬುಗಳಲ್ಲಿ ಕಡಮೆ. ಲೋಹವನ್ನು ಕಚ್ಚಿ ಹಿಡಿದಿರುತ್ತದೆ. ಔಷಧ ಹಚ್ಚಿ ಬರಿಸಿದ್ದು ಎಲ್ಲೆಡೆಯೂ ಒಂದೇ ಸಮನಾಗಿ, ಪುಡಿಪುಡಿಯಾಗಿ, ಒದ್ದೆಬಟ್ಟೆಗೆ ಅಂಟಿಬರುವಂತಿರುತ್ತದೆ.

ಎಲ್ಲ ನಕಲುಗಳೂ ಮೋಸದ ಉದ್ದೇಶದಿಂದ ಹುಟ್ಟಿದವಲ್ಲವೆಂಬುದನ್ನೂ ಹೇಳಬೇಕು. ಮುಂಬಯಿ ಚಲನಚಿತ್ರಗಳ ನಗರ. ಕಂಪನಿಯ ಕಾಲದ ಸಿಪಾಯಿಗಳನ್ನು ತೆರೆಯ ಮೇಲೆ ತರಲು ಗುಂಡಿಗಳನ್ನು ನೂರುಗಟ್ಟಲೆ ಮಾಡಿಸಬೇಕಾಗುತ್ತದೆ. ಚಿತ್ರ ಮುಗಿದ ಮೇಲೆ ಉಡುಪುಗಳು ಹರಿದು ಚಿಂದಿಯಾಗಿ ಹಳೆಯ ಸಾಮಾನಿನವರ ಕೈಸೇರುತ್ತವೆ, ಗುಂಡಿಗಳು ಉಳಿಯುತ್ತವೆ. ಮಾಡಿದವನು ಮೋಸಗಾರನಲ್ಲ, ಮಾರುವವನಿಗೂ ನಿಜ ತಿಳಿದಿರಲಿಕ್ಕಿಲ್ಲ; ಆದರೂ ಕೊಂಡವನು ಮೋಸಹೋಗುತ್ತಾನೆ. ರೈಲ್ವೆಯ, ಪೊಲೀಸಿನ, ಬಂದರು ಕಚೇರಿಯ ಗುಂಡಿಗಳು ಸೈನ್ಯದವೆಂದು ಮಾರಾಟವಾಗುವುದೂ ಹೀಗೆಯೇ. ರೈಲ್ವೆಗಳಲ್ಲಿ ಸ್ವಯಂಸೇವಕ ಸೈನಿಕರ ದಳಗಳೂ ಇದ್ದುದರಿಂದ ಗೊಂದಲ ಹೆಚ್ಚು. ಧಾರವಾಡದಲ್ಲಿ ಮುಖ್ಯ ಕಚೇರಿಯಿದ್ದ ಸದರ್ನ್ ಮರಾಠಾ ರೈಲ್ವೆಯ ನೌಕರನ ಗುಂಡಿಯನ್ನು ‘ಮರಾಠಾ’ ಎಂಬ ಒಂದು ಶಬ್ದದ ಬಲದ ಮೇಲೆ ಸೇನೆಯದೆಂದು ಹೇಳಿಬಿಡುವುದು ಸುಲಭ.

ಅಪೂರ್ವತೆಯೇ ಅನುಮಾನಕ್ಕೆ ಕಾರಣವಾಗಬೇಕಾದ ಸಂದರ್ಭಗಳೂ ಉಂಟು. ಮದರಾಸಿನ ೧೧ನೆಯ ದಳವನ್ನು ಮಾರ್ಪಡಿಸಿ ರಚಿಸಿದ ಕೂರ್ಗ್ ರೈಫಲ್ಸ್ ೧೯೦೩ರಲ್ಲಿ ೭೧ನೆಯ ಅಂಕೆಯನ್ನು ಪಡೆದು ೧೯೦೪ರಲ್ಲಿಯೇ ವಿಸರ್ಜಿತವಾಯಿತು. ಇಂಥ ಅಲ್ಪಾಯುವಾದ ದಳದ ಗುಂಡಿ ಹತ್ತಾರು ಒಂದೇ ಅಂಗಡಿಯಲ್ಲಿ ದೊರೆತರೆ ಸಂತೋಷಕ್ಕಿಂತ ಮೊದಲು ಸಂದೇಹ ಬರಬೇಕು. ರೈಫಲ್ ದಳಗಳಲ್ಲಿ ಕಪ್ಪು ಗುಂಡಿಗಳನ್ನು ತೊಡುವ ಸಂಪ್ರದಾಯವಿದ್ದುದರಿಂದ, ಥಳಥಳಿಸುವ ಹಿತ್ತಾಳೆಯದಾದರೆ ಸಂದೇಹ ಇಮ್ಮಡಿಯಾಗಬೇಕು.

೫. ಗಂಡಭೇರುಂಡದ ಗುಂಡಿ

ಇನ್ನು ಚೋರಬಜಾರದ ವಿಷಯಕ್ಕೆ ಬರೋಣ. ಭೇಂಡಿಬಜಾರದ ಬಳಿಯ ಮಟನ್ ಸ್ಟ್ರೀಟಿನಲ್ಲಿ ಹಳೆಯ ಸಾಮಾನಿನ ಅಂಗಡಿಗಳು ನಿತ್ಯವೂ ಇರುತ್ತವೆ. ಶುಕ್ರವಾರದ ಬೆಳಗಿನಲ್ಲಿ ಬೀದಿಯ ಮೇಲೆಯೂ ಸಂತೆ ಹರಡುತ್ತದೆ. ಗದ್ದಲವೆಂಬ ಅರ್ಥದ ‘ಶೋರ್’ ಎಂಬ ಶಬ್ದವೇ ‘ಚೋರ್’ ಆಯಿತೆಂದು ಇದರ ಹೆಸರಿಗೆ ವಿವರಣೆ ಹೇಳುವುದುಂಟು. ಆಧಾರ ಕೇಳಿದರೆ ಯಾರೂ ಕೊಡಲಾರರು. ಕಥೆ ಚೆನ್ನಾಗಿರುವುದರಿಂದ ನಡೆದುಬಂದಿದೆ. ಅಲ್ಲಿ ಮಾರುವ ವಸ್ತುಗಳ ಕಥೆಗಳೂ ಹಾಗೆಯೇ.

೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದ ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವಬ್ರಿಗೇಡಿನಲ್ಲಿ ಜೋಧಪ್ರರ, ಮೈಸೂರು, ಹೈದರಾಬಾದು ಸಂಸ್ಥಾನಗಳ ಸವಾರರಿದ್ದರು. ಜೋಧಪುರದವರು ಪಟ್ಟಣದ ಮೇಲೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರನ್ನೇರಿ ಅಲ್ಲಿಯ ತೋಪುಗಳನ್ನು ಹಿಡಿದರು. ದಿಲ್ಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರವು; ೨೦೧೮ರಲ್ಲಿ ಆ ವೃತ್ತದ ಹೆಸರಿಗೆ ‘ಹೈಫಾ’ ಸೇರಿದ ಮೇಲೆ ಈ ಸಂಗತಿಗೆ ಪ್ರಚಾರ ಹೆಚ್ಚಿತು. ಪ್ರಚಾರದ ಬೆನ್ನಿಗೆ ಬೆಲೆಯೂ, ಬೆಲೆಯ ಬೆನ್ನಿಗೆ ಚೀಟಿಗಳೂ ಬರುವುದು ಲೋಕರೂಢಿ.

ಅಂಗಡಿಯವನು ಮೂರು ಗುಂಡಿಗಳನ್ನು ಮುಂದಿಟ್ಟನು. ಮೊದಲನೆಯದು ಬಹಳ ಹೊಳೆಯುತ್ತಿತ್ತು. ಅಂಗೈಯಲ್ಲಿಟ್ಟಾಗ ಭಾರವೇ ತಿಳಿಯಲಿಲ್ಲ. ಹೊಂಬಣ್ಣ ಮುಖದಲ್ಲಿಯೂ ಬೆನ್ನಿನಲ್ಲಿಯೂ ಒಂದೇ ಸಮನಾಗಿತ್ತು. ಅಂಚು ತರಚಿದ ಕಡೆ ಬೆಳ್ಳನೆಯ ಲೋಹ ಕಾಣುತ್ತಿತ್ತು. ಬಣ್ಣ ಹಿಡಿಸಿದ ಅಲ್ಯೂಮಿನಿಯಮ್ ಅದು. ಹೈಫಾದ ಯುದ್ಧ ಮುಗಿದು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲಿನದು.

ಎರಡನೆಯದು ಹಿತ್ತಾಳೆಯದೇ, ಆದರೆ ಗಟ್ಟಿ ಎರಕ. ಪಕ್ಷಿಯ ಗರಿಗಳು ಮಂಕಾಗಿದ್ದವು, ಅಂಚಿನ ಸುತ್ತ ಅರದ ಗೆರೆಯಿತ್ತು, ಕಿಲುಬು ಬೆರಳಿಗೆ ಅಂಟಿತು. ಹೆಚ್ಚು ಹೇಳಬೇಕಾದದ್ದಿಲ್ಲ.

ಮೂರನೆಯದು ಚಿಕ್ಕದು, ಮಾಸಿದ್ದು. ಎರಡು ತಗಡಿನ ಒತ್ತುಗುಂಡಿ. ಗಂಡಭೇರುಂಡದ ಎರಡೂ ತಲೆಗಳ ಉಬ್ಬು ಸವೆದಿತ್ತು. ಗರಿಗಳ ನಡುವೆ ಪಾಲಿಷಿನ ಬಿಳಿಯ ಪುಡಿ ಕಲ್ಲಾಗಿತ್ತು. ಬೆನ್ನಿನಲ್ಲಿ ಇಂಗ್ಲೆಂಡಿನ ತಯಾರಕರ ಹೆಸರು ಸ್ಪಷ್ಟವಾಗಿತ್ತು. ಕೊಂಡಿಯ ಒಳಮೈ ಒಂದು ಕಡೆ ತೆಳುವಾಗಿತ್ತು. ಯಾರೋ ಇದನ್ನು ಬಹುಕಾಲ ತೊಟ್ಟಿದ್ದರು, ದಿನವೂ ಉಜ್ಜಿದ್ದರು. ಗುಂಡಿ ನಿಜವಾದದ್ದು. ಮಿತ್ರರು ನನ್ನ ಮುಖವನ್ನೇ ನೋಡುತ್ತಿದ್ದರು.

ನಿಜವಾದ ತೊಡಕು ಇಲ್ಲಿಂದ ಮುಂದೆ. ಗುಂಡಿ ನಿಜ, ಚೀಟಿ ನಿಜವೇ? ಗಂಡಭೇರುಂಡವು ಕನ್ನಡ ನಾಡಿನ ಬಹು ಹಳೆಯ ಚಿಹ್ನೆ. ಬಳ್ಳಿಗಾವೆಯಲ್ಲಿ ೧೦೪೭ರ ಭೇರುಂಡಸ್ತಂಭವಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಕಾಣುತ್ತದೆ. ಮೈಸೂರು ಒಡೆಯರ ರಾಜಲಾಂಛನ ಅದು. ಇಂದಿನ ಕರ್ನಾಟಕ ಸರಕಾರದ ಲಾಂಛನದಲ್ಲಿಯೂ ಅದೇ ಇದೆ. ಸಂಸ್ಥಾನದ ಲಾಂಛನವೆಂದ ಮೇಲೆ ಅದನ್ನು ತೊಟ್ಟವರು ಲ್ಯಾನ್ಸರುಗಳು ಮಾತ್ರವಲ್ಲ. ಅರಮನೆಯ ಊಳಿಗದವರು, ವಾದ್ಯಗಾರರು, ಪೊಲೀಸಿನವರು, ಕಚೇರಿಯ ದಲಾಯತರು, ಇವರೆಲ್ಲರ ಅಂಗಿಯ ಮೇಲೂ ಅದಕ್ಕೆ ಸ್ಥಾನವುಂಟು. ದಳವನ್ನು ಸೂಚಿಸುವ ಅಕ್ಷರ ಆ ಗುಂಡಿಯಲ್ಲಿ ಒಂದೂ ಇರಲಿಲ್ಲ. ಲ್ಯಾನ್ಸರುಗಳದೇ ಎಂದು ಒಪ್ಪಿದರೂ, ಯುದ್ಧದಲ್ಲಿ ತೊಡುವ ಖಾಕಿ ಉಡುಪು ಬೇರೆ, ದರ್ಬಾರಿಗೂ ಕವಾಯತಿಗೂ ತೊಡುವ ಉಡುಪು ಬೇರೆ. ಈ ಗುಂಡಿ ಬೆಂಗಳೂರನ್ನು ಬಿಟ್ಟು ಹೋಗದೆಯೇ ಇದ್ದಿರಬಹುದು. ೧೯೧೮ ಎಂಬ ವರ್ಷಕ್ಕೂ ಹೈಫಾ ಎಂಬ ಸ್ಥಳಕ್ಕೂ ಸಾಕ್ಷಿ ಆ ಚೀಟಿ ಒಂದೇ. ಅದು ಯಾವಾಗ, ಯಾರು ಬರೆದದ್ದೆಂದು ಅಂಗಡಿಯವನಿಗೂ ತಿಳಿಯದು.

ಇದನ್ನೆಲ್ಲ ನಾನು ಮಿತ್ರರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದು ನಮ್ಮ ಅಜ್ಜನ ಕಡೆಯವರದಲ್ಲ ಎನ್ನುತ್ತೀರಾ?” ಎಂದರು. ಅಲ್ಲವೆಂದು ಹೇಳಲೂ ಆಧಾರವಿಲ್ಲ, ಹೌದೆಂದು ಹೇಳಲೂ ಆಧಾರವಿಲ್ಲ ಎಂದೆ. ಚೀಟಿಯ ಬೆಲೆಯನ್ನು ಕೊಡುವುದಿಲ್ಲ, ಗುಂಡಿಯ ಬೆಲೆಯನ್ನು ಕೊಡುತ್ತೇವೆ ಎಂದು ಅಂಗಡಿಯವನೊಡನೆ ಚೌಕಾಸಿ ಮಾಡಿ, ಅವನು ಮೊದಲು ಕೇಳಿದ್ದರ ಹತ್ತನೆಯ ಒಂದು ಭಾಗಕ್ಕೆ ಅವರು ಅದನ್ನು ಕೊಂಡರು. ಮನೆಗೆ ಬಂದು ಹಳೆಯ ಚೀಟಿಯನ್ನು ಹರಿಯದೆ ಅದರ ಪಕ್ಕದಲ್ಲಿ ಹೊಸದೊಂದನ್ನು ತಮ್ಮ ಕೈಯಿಂದಲೇ ಬರೆದಿಟ್ಟರು: ‘ಮೈಸೂರು ಸಂಸ್ಥಾನದ ಸಮವಸ್ತ್ರದ ಗುಂಡಿ. ಬಹುಕಾಲ ತೊಟ್ಟದ್ದು. ಯಾವ ಇಲಾಖೆಯದೆಂದು ತಿಳಿಯದು. ಚೋರಬಜಾರದಲ್ಲಿ ಕೊಂಡದ್ದು.’ ಜೊತೆಗೆ ತಾರೀಖು, ಬೆಲೆ, ಅಳತೆ. ಅಜ್ಜನ ಭಾವಚಿತ್ರದ ಚೌಕಟ್ಟಿಗೆ ಅದನ್ನು ಸೇರಿಸಲಿಲ್ಲ, ಬೇರೆ ಡಬ್ಬಿಯಲ್ಲಿಟ್ಟರು. ಈ ವಿವೇಕ ನನ್ನ ಪರೀಕ್ಷೆಗಿಂತ ದೊಡ್ಡದೆಂದು ನನಗೆ ತೋರಿತು.

೬. ಪ್ರಮಾಣದ ಪರಂಪರೆ

ಮೇಲಿನ ನಿದರ್ಶನದಿಂದ ಸಿದ್ಧವಾಗುವುದಿಷ್ಟು: ಲೋಹವನ್ನು ಪರೀಕ್ಷಿಸಿ ಗುಂಡಿ ಹಳೆಯದೆಂದು ನಿಶ್ಚಯಿಸಬಹುದು, ಲಾಂಛನವನ್ನು ಓದಿ ಅದರ ಕಾಲಮಿತಿಯನ್ನು ಕಟ್ಟಬಹುದು, ಆದರೆ ಯಾರು ತೊಟ್ಟರು, ಎಲ್ಲಿ ತೊಟ್ಟರು ಎಂಬುದನ್ನು ಗುಂಡಿ ಹೇಳಲಾರದು. ಸಾಮಾನ್ಯ ಸೈನಿಕನ ಗುಂಡಿಯಲ್ಲಿ ಸೈನಿಕನ ಹೆಸರಿಲ್ಲ. ಅದನ್ನು ಹೇಳಬಲ್ಲದ್ದು ಕೈಯಿಂದ ಕೈಗೆ ಬಂದ ಪರಂಪರೆ ಮಾತ್ರ: ಯಾವ ಮನೆಯ, ಯಾವ ಪೆಟ್ಟಿಗೆಯ, ಯಾವ ಅಂಗಿಯ ಮೇಲಿದ್ದುದೆಂಬ ಲಿಖಿತ ಮಾಹಿತಿ. ಆ ಮಾಹಿತಿಯಿದ್ದರೆ ದಾಖಲೆಗಳೊಡನೆ ಹೋಲಿಸಿ ನೋಡಬಹುದು. ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ, ಮಹಾರಾಷ್ಟ್ರ ಮತ್ತು ಕರ್ನಾಟಕ ರಾಜ್ಯಗಳ ಪತ್ರಾಗಾರಗಳು, ಹಳೆಯ ಸೇನಾಪಟ್ಟಿಗಳು, ಗೆಜೆಟ್ಟುಗಳು ಇಂಥ ಶೋಧನೆಯ ಕ್ಷೇತ್ರಗಳು. ಸಂಸ್ಥಾನಗಳ ಪಡೆಗಳು ಸ್ವಾತಂತ್ರ್ಯಾನಂತರ ಭಾರತ ಸೇನೆಯಲ್ಲಿ ವಿಲೀನವಾದಾಗ ಮೈಸೂರಿನ ಪದಾತಿದಳವು ಮದರಾಸ್ ರೆಜಿಮೆಂಟಿನ ೧೮ನೆಯ ಬೆಟಾಲಿಯನ್ ಆಯಿತು. ಅಶ್ವದಳದ ಪರಂಪರೆ ೧೯೫೩ರಲ್ಲಿ ರಚಿತವಾದ, ಈಗ ೬೧ನೆಯದೆನಿಸಿರುವ ಅಶ್ವದಳಕ್ಕೆ ಸೇರಿತು. ಈ ಸಂಬಂಧಗಳು ತಿಳಿದಿದ್ದರೆ ಎಲ್ಲಿ ವಿಚಾರಿಸಬೇಕೆಂಬುದೂ ತಿಳಿಯುತ್ತದೆ.

ಕಾನೂನಿನ ಮಾತೊಂದನ್ನೂ ಇಲ್ಲಿ ಸೇರಿಸಬೇಕು. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷ ತುಂಬಿದ ಐತಿಹಾಸಿಕ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಖಾಸಗಿ ವ್ಯಕ್ತಿಗಳು ಅವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ೧೯೧೮ರ ಗುಂಡಿ ನಿಜವಾದದ್ದಾದರೆ ಅದೂ ಈಗ ನೂರನ್ನು ದಾಟಿದೆ. ಪರದೇಶದ ಸಂಗ್ರಾಹಕರಿಗೆ ಅಂಚೆಯಲ್ಲಿ ಕಳುಹಿಸುವ ಮುನ್ನ ನಮ್ಮವರು ಇದನ್ನು ನೆನೆಯಬೇಕು.

ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ಕನ್ನಡಿಗರಲ್ಲಿ ಸೇನೆ, ನೌಕಾಪಡೆ, ರೈಲ್ವೆ, ಬಂದರು, ಪೊಲೀಸು ಇಲಾಖೆಗಳಲ್ಲಿ ದುಡಿದವರು ಅನೇಕರು. ಅವರ ಮಕ್ಕಳು ಮೊಮ್ಮಕ್ಕಳು ಮಾಟುಂಗದಿಂದ ಡೊಂಬಿವಲಿಯವರೆಗೆ ಹರಡಿಕೊಂಡಿದ್ದಾರೆ. ಮನೆ ಬದಲಿಸುವಾಗ, ಹಳೆಯ ಕಟ್ಟಡ ಕೆಡವಿ ಹೊಸದನ್ನು ಕಟ್ಟುವಾಗ, ಹಿರಿಯರ ಪೆಟ್ಟಿಗೆಗಳು ಸಾಮಾನಿನವನ ಗಾಡಿಗೆ ಹೋಗುತ್ತವೆ. ಗುಂಡಿಗೂ ಮನೆಗೂ ಇದ್ದ ಸಂಬಂಧ ಅಲ್ಲಿಗೆ ಕಡಿಯುತ್ತದೆ. ಆಮೇಲೆ ಅಂಗಡಿಯವನ ಚೀಟಿಯೇ ಅದರ ಚರಿತ್ರೆ. ಆದಕಾರಣ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮನೆಯಲ್ಲಿ ಇಂಥ ಅಂಗಿಯೋ ಗುಂಡಿಯೋ ಇದ್ದರೆ ಅದನ್ನು ಪುಡಿಹಾಕಿ ತೊಳೆಯಬೇಡಿ, ಗುಂಡಿಯನ್ನು ಅಂಗಿಯಿಂದ ಕಿತ್ತು ಬೇರ್ಪಡಿಸಬೇಡಿ. ಒಣಗಿದ ಬಟ್ಟೆಯಲ್ಲಿ ಸುತ್ತಿ ಗಾಳಿಯ ತೇವ ತಾಕದಂತೆ ಇಡಿ. ತೊಟ್ಟವರ ಹೆಸರು, ಊರು, ಸೇವೆಯ ವರ್ಷಗಳು, ನಿಮಗೆ ಹೇಳಿದವರು ಯಾರು ಎಂಬುದನ್ನು ತಿಳಿದಷ್ಟು ಮಾತ್ರ, ಒಂದು ಕಾಗದದಲ್ಲಿ ಕನ್ನಡದಲ್ಲಿಯೇ ಬರೆದು ಜೊತೆಗಿಡಿ. ತಿಳಿಯದ ಕಡೆ ‘ತಿಳಿಯದು’ ಎಂದೇ ಬರೆಯಿರಿ. ಬರೆದು ಸಹಿ ಹಾಕಿ ತಾರೀಖು ಹಾಕುವುದನ್ನು ಮರೆಯಬಾರದು.